ಗಾಜಿನ ಕೊಳವೆ ಮತ್ತು ಬರಿಗಾಲಿನ ಹರಕೆ

ಹೆಂಡತಿ ಕೊಟ್ಟ ಕಿಡ್ನಿ ನನ್ನ ಮೈಗೆ ಹೊಂದಿಕೊಂಡಿತಲ್ಲ, ಆ ಖುಷಿಗೆ ಜರಗನಹಳ್ಳಿಯ ನಮ್ಮ ದೇವಸ್ಥಾನಕ್ಕೆ ಬರಿಗಾಲಲ್ಲಿ ಹನ್ನೊಂದು ಸುತ್ತು ಹಾಕಿ ಹರಕೆ ತೀರಿಸಿದೆ. ಮಟಮಟ ಮಧ್ಯಾಹ್ನ, ಕಾದ ಕಲ್ಲುಹಾಸು. ಸಕ್ಕರೆ ಕಾಯಿಲೆಯ ಕಾಲಿಗೆ ಬಿಸಿ ಎಲ್ಲಿ ಗೊತ್ತಾಗಬೇಕು? ಮನೆಗೆ ಬಂದು ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ದೇವರಿಗೆ ಥ್ಯಾಂಕ್ಸ್ ಹೇಳಲು ಹೋಗಿ ನಾನು ತಂದ ಪ್ರಸಾದ ಅದು.

ಬೊಬ್ಬೆ ಹುಣ್ಣಾಯಿತು, ಹುಣ್ಣಿನ ಸೋಂಕು ಮೂಳೆಗಿಳಿಯಿತು. ಯಾವ ಇಂಜೆಕ್ಷನ್ನಿಗೂ ಜಗ್ಗಲಿಲ್ಲ. ಜಯನಗರದ ಡಾಕ್ಟರು ಬಿಡಿಸಿ ಹೇಳಿದರು: ಕಿಡ್ನಿ ಉಳಿಸುವ ಮಾತ್ರೆಯೇ ನನ್ನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದೆ. ಮಾತ್ರೆ ಕಡಿಮೆ ಮಾಡಿದರೆ ಕಿಡ್ನಿಗೆ ಕುತ್ತು, ಮಾಡದಿದ್ದರೆ ಕಾಲಿಗೆ.

"ಕಾಲೇ ತೆಗೀರಿ ಸಾರ್, ಇವಳ ಕಿಡ್ನಿ ಮುಟ್ಬೇಡಿ," ಎಂದೆ, ದೊಡ್ಡ ತ್ಯಾಗಿಯ ಹಾಗೆ.

"ಸುಮ್ನಿರ್ರೀ, ಕೊಟ್ಟೋಳು ನಾನು," ಎಂದು ಹೆಂಡತಿ ಗದರಿದಳು.

ಔಷಧಿಯ ಜೊತೆಗೆ ಇನ್ನೊಂದು ಪ್ರಯತ್ನ ಮಾಡೋಣ ಎಂದರು ಡಾಕ್ಟರು. ಒತ್ತಡದಲ್ಲಿ ಆಮ್ಲಜನಕ ತುಂಬಿದ ಗಾಜಿನ ಕೊಳವೆಯೊಳಗೆ ದಿನಾ ಒಂದೂವರೆ ಗಂಟೆ ಮಲಗಬೇಕು, ಮೂವತ್ತು ದಿನ. ಗ್ಯಾರಂಟಿ ಮಾತ್ರ ಇಲ್ಲ.

ಮೊದಲ ದಿನವೇ ವಾಪಸ್ ಕಳಿಸಿದರು. ಅಷ್ಟು ಆಮ್ಲಜನಕದ ನಡುವೆ ಎಣ್ಣೆ ಇದ್ದರೆ ಬೆಂಕಿಯ ಭಯವಂತೆ. ನನ್ನ ಹಣೆಯ ಮೇಲೆ ಕೊಬ್ಬರಿ ಎಣ್ಣೆ ಇಳಿಯುತ್ತಿತ್ತು. "ಒಣತಲೇಲಿ ಆಸ್ಪತ್ರೆಗೆ ಹೋದ್ರೆ ಜನ ಏನಂತಾರೆ?" ಎಂದು ಬೆಳಿಗ್ಗೆ ತಟ್ಟಿದ್ದು ಇವಳೇ.

"ಅಂಕಲ್, ನಾಳೆ ಶಾಂಪೂ ಹಾಕ್ಕೊಂಡು ಬನ್ನಿ," ಎಂದಳು ನರ್ಸ್.

ಒಳಗೆ ಮಲಗಿದರೆ ಕಿವಿ ಗುಂಯ್ ಎನ್ನುತ್ತದೆ, ಆಗಾಗ ಎಂಜಲು ನುಂಗಬೇಕು. ಒಳಗಿನವರ ಜೊತೆ ಮಾತಾಡಲೆಂದು ಹೊರಗಿಟ್ಟಿದ್ದ ಮೈಕು ಹಿಡಿದು ಇವಳು. ಮದುವೆಯಾದಾಗಿನಿಂದ ನಾನು ಎದ್ದುಹೋಗಿ ತಪ್ಪಿಸಿಕೊಂಡ ಮಾತೆಲ್ಲ ಈಗ ಕಂತುಕಂತಾಗಿ ಬಂತು. ಬಾಗಿಲೋ, ಹೊರಗಿನಿಂದ ಭದ್ರ.

ಹುಣ್ಣು ನಿಧಾನಕ್ಕೆ ಮುಚ್ಚತೊಡಗಿತು. ಕೊನೆಯ ದಿನ ಡಾಕ್ಟರು, "ಸದ್ಯ, ಕಾಲು ಉಳೀತು," ಎಂದರು. ಇವಳು ಕೈಮುಗಿದಳು.

"ಹರಕೆ ಹೊತ್ತಿದ್ದೆ ಸಾರ್. ಬರಿಗಾಲಲ್ಲಿ ಹನ್ನೊಂದು ಸುತ್ತು."

ಡಾಕ್ಟರು ಹಣೆ ಚಚ್ಚಿಕೊಂಡರು.

"ಇವರಲ್ಲ ಸಾರ್, ನಾನು," ಎಂದಳು.

ಭಾನುವಾರ ಮಧ್ಯಾಹ್ನ ನಾನು ಶೂ ಹಾಕಿಕೊಂಡು ದೇವಸ್ಥಾನದ ಗೇಟಿನಾಚೆ ಕೂತೆ. ಎರಡನೇ ಸುತ್ತಿಗೇ ಇವಳು "ಅಯ್ಯಯ್ಯೋ, ಸುಡ್ತಿದೆ ಕಣ್ರೀ!" ಎಂದು ಕಿರುಚಿ, ಕುಣಿಯುತ್ತಾ ನೆರಳಿಗೆ ಓಡಿದಳು. ಜನ ನಕ್ಕರು. ನಾನು ಮಾತ್ರ ನನ್ನ ಶೂ ನೋಡಿಕೊಂಡೆ. ಸದ್ಯ, ಇವಳಿಗೆ ಸುಡುವುದು ಗೊತ್ತಾಗುತ್ತದೆ.

"ಉಳಿದಿದ್ದು ಸಂಜೆ ಹಾಕೇ," ಎಂದು ಕೂಗಿದೆ. "ದೇವ್ರು ಎಲ್ಲೂ ಹೋಗಲ್ಲ."