ಐದು ಗಂಟೆಯ ಸುಳ್ಳು

ಕೆರೆಯ ಮೇಲೆ ಹೊಂಬಿಸಿಲು ಬೀಳುವುದು ಸಂಜೆ ಆರಕ್ಕೆ. ಆದರೂ ಫೋಟೊದವನು ಮದುವೆ ಜೋಡಿಗಳಿಗೆಲ್ಲ, "ಐದಕ್ಕೇ ಬನ್ನಿ, ತಡವಾದ್ರೆ ಬೆಳಕು ಸಿಗಲ್ಲ" ಎಂದು ಗದರುತ್ತಿದ್ದ. ಸಿಂಗಾರ ಮುಗಿಸಿ ಅವರು ಬರುವಷ್ಟರಲ್ಲಿ ಸರಿಯಾಗಿ ಆರಾಗುತ್ತಿತ್ತು.

ಊರವರ ಮುಖಕ್ಕೆಲ್ಲ ಚಿನ್ನದ ಹೊಳಪು ಕೊಟ್ಟವನ ಮನೆಯಲ್ಲಿ ಹೆಂಡತಿಯದು ಒಂದೇ ಫೋಟೊ. ಅದೂ ಮಟಮಟ ಮಧ್ಯಾಹ್ನ, ಕಣ್ಣು ಕಿರಿದು ಮಾಡಿಕೊಂಡು ನಿಂತದ್ದು. ದೀಪದ ಬುಡದಲ್ಲೇ ಕತ್ತಲೆ ಎಂದು ಅವಳು ಆಡಿಕೊಳ್ಳುತ್ತಿದ್ದಳು.

ಒಂದು ದಿನ ಗಿರಾಕಿಗಳು ಕೈಕೊಟ್ಟಾಗ ಅವನು ಹೆಂಡತಿಗೆ ಫೋನ್ ಮಾಡಿ, "ಐದಕ್ಕೆ ಕೆರೆ ಹತ್ರ ಬಾ, ನಿನ್ನ ಫೋಟೊ ತೆಗೀತೀನಿ" ಎಂದ. ಅವಳು ಆರಾಮಾಗಿ ಆರಕ್ಕೆ ಬಂದಳು.

"ಈಗ ಬರೋದಾ?" ಎಂದು ರೇಗಿದ.

"ಗಿರಾಕಿಗೆ ಹೇಳೋ ಸುಳ್ಳನ್ನ ಕಟ್ಕೊಂಡವಳಿಗೂ ಹೇಳ್ತೀರಲ್ಲ! ಸುಮ್ನೆ ತೆಗೀರಿ, ಬೆಳಕು ಹೋಗುತ್ತೆ."