ಬಂದ್ ಮಾಡಿದ್ರೂ ನಿಲ್ಲದ ಮೋಟಾರ್

ನೀವು ಇದನ್ನ ನಂಬಲ್ಲ. ಬೇಕಾದ್ರೆ ಪಂಥ ಕಟ್ಟಿ. ಶಿಕಾರಿಪುರದಿಂದ ಸೊರಬದ ತನಕ ನನ್ನ ಮಾತು ನಂಬಿದೋರೆಲ್ಲ ಒಂದಲ್ಲ ಒಂದು ದಿನ ತಲೆ ಕೆರ್ಕೊಂಡು ನಿಂತಿದಾರೆ, ನೀವ್ಯಾಕೆ ನಂಬ್ತೀರಿ? ಆದ್ರೂ ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ. ಇದರಲ್ಲಿ ಸುಳ್ಳು ಒಂದೇ ಒಂದು. ಉಳಿದಿದ್ದೆಲ್ಲ ನನಗೇ ಆಗಿದ್ದು, ಈಗ್ಲೂ ಆಗ್ತಾ ಇರೋದು. ಆ ಒಂದು ಯಾವುದು, ಹಿಡೀರಿ ನೋಡಾಣ.

ನಾನು ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡೋನು. ಅಂಬ್ಲಿಗೊಳ ಡ್ಯಾಮಿನ ನೀರು ಕಾಲುವೇಲಿ ಬರೋ ಕಡೆ ನಮ್ಮೂರು. ಊರ ಹೊರಗೆ ರಸ್ತೆ ಪಕ್ಕ ತಗಡಿನ ಶೆಡ್ಡು, ಅದೇ ನನ್ನ ವರ್ಕ್‌ಶಾಪು. ನನ್ನ ಕಿವಿ ಅಂದ್ರೆ ಸುಮ್ನೆ ಅಲ್ಲ ರೀ. ಸ್ಕ್ರೂಡ್ರೈವರ್ ತುದಿ ಮೋಟಾರಿಗೆ ಇಟ್ಟು, ಹಿಡಿ ಕಿವಿಗೆ ಒತ್ಕೊಂಡ್ರೆ, ಬಿಚ್ಚೋಕೆ ಮುಂಚೇನೇ ಹೇಳಿಬಿಡ್ತಿದ್ದೆ, ಮುಂದಿನ ಬೇರಿಂಗೋ ಹಿಂದಿನದೋ, ನೀರು ಸಿಗದೆ ಒಣಾ ಓಡ್ತಿದೆಯೋ ಅಂತ. ಆನವಟ್ಟಿ ಕಡೆಯೋರು ಬೈಕಲ್ಲಿ ಬಂದು ಹಿಂದೆ ಕೂರಿಸ್ಕೊಂಡು ಹೋಗೋರು. ಬೇರೆ ರಿಪೇರಿಯೋರಿಗೆ ಪಾನಾ ಬೇಕು, ಮೀಟರ್ ಬೇಕು. ನನಗೆ ಕಿವಿ ಸಾಕಿತ್ತು.

ಕಿವಿ ಬಿಟ್ರೆ ನನಗಿದ್ದ ಇನ್ನೊಂದು ಹೆಸರು ಕಿತಾಪತಿದು. ನಮ್ಮ ಕಡೆ ಪಂಪ್‌ಸೆಟ್ ಓಡಿಸೋ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೆ ಅನ್ನೋದು ಆ ಕರೆಂಟಿಗೇ ಗೊತ್ತಿರಲ್ಲ. ಅದಕ್ಕೆ ಜನ ಊಟಕ್ಕೆ ಕೂತ್ರೂ ಒಂದು ಕಿವಿ ಹೊರಗಿಟ್ಟಿರ್ತಾರೆ. ನಾನು ಶೆಡ್ಡಿನ ಬಾಗ್ಲಲ್ಲಿ ನಿಂತು "ತ್ರೀ ಫೇಸ್ ಬಂತ್ರೋ!" ಅಂತ ಒಂದು ಕೂಗು ಹಾಕಿದ್ರೆ ಸಾಕು. ಕೈ ತೊಳೀದೆ ಓಡಿದೋರುಂಟು, ಅರ್ಧ ಗಡ್ಡ ಬೋಳಿಸ್ಕೊಂಡು ಗದ್ದೆಗೆ ಬಂದೋರುಂಟು. ಎಲ್ಲರಿಗಿಂತ ಜಾಸ್ತಿ ಓಡಿದೋನು ನನ್ನ ಗೆಳೆಯ. ಅವನ ಗದ್ದೆ ನನ್ನ ಶೆಡ್ಡಿನ ಬೆನ್ನಿಗೇ ಇದೆ. ಒಂದನೇ ಕ್ಲಾಸಿಂದ ಒಟ್ಟಿಗಿದ್ದೋರು ನಾವು. ಪ್ರತಿ ಸಲ ಓಡಿ ಬಂದು, ಸ್ಟಾರ್ಟರ್ ಒತ್ತಿ, ಮೋಟಾರ್ ಮಿಸುಕಾಡದ್ದು ನೋಡಿ, "ನಿನ್ ಬಾಯಿಗೆ ಮಣ್ಣಾಕ" ಅಂತ ಬೈದು, ನನ್ನ ಶೆಡ್ಡಲ್ಲೇ ಚಾ ಕುಡ್ದು ಹೋಗೋನು. ಆಮೇಲೆ ಸ್ಟಾರ್ಟರಿಗೆ ಆಟೋ ಹಾಕಿಸ್ಕೊಂಡ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗೋ ಹಂಗೆ. ಹಾಕಿಕೊಟ್ಟೋನೂ ನಾನೇ ಅನ್ನಿ.

ಆ ಬೇಸಿಗೇಲಿ ಅವನು ಭತ್ತದ ಸಸಿ ಮಡಿ ಹಾಕಿದ್ದ. ಮೊಳಕೆ ಎದ್ದು ಬೆರಳಷ್ಟು ಹಸಿರಾಗಿತ್ತು. ಆನವಟ್ಟಿ ಹತ್ರ ಮಗಳ ಮನೇಲಿ ಏನೋ ಕಾರ್ಯ ಅಂತ ನಾಲ್ಕು ದಿನಕ್ಕೆ ಹೊರಟೋನು ಶೆಡ್ಡಿಗೆ ಬಂದು ಹೇಳ್ದ: "ಆಟೋ ಹಾಕೀನಿ. ನೀರು ತಾನೇ ಬೀಳ್ತತಿ. ಸುಮ್ನೆ ಒಂದು ಕಣ್ಣಿಟ್ಟಿರಲೇ."

"ನನ್ನ ಕಿವೀನೇ ಇಟ್ಟಿರ್ತೀನಿ ಹೋಗೋ" ಅಂದೆ.

ಮಾರನೇ ದಿನ ಮಧ್ಯಾಹ್ನ. ಊಟ ಮಾಡಿ ಶೆಡ್ಡಲ್ಲಿ ಗೋಡೆಗೆ ಒರಗಿದ್ದೆ. ಕುಂಯ್ ಅಂತ ಶಬ್ದ. ಸಣ್ಣದು, ಒಂದೇ ಸಮ. ಆ ಶಬ್ದ ನಾನು ನಿದ್ದೆಗಣ್ಣಲ್ಲೂ ಗುರುತು ಹಿಡೀತೀನಿ. ಮೋಟಾರ್ ನೀರಿಲ್ಲದೆ ಒಣಾ ಓಡೋವಾಗ ಹಂಗೇ ಅಳೋದು. ಅರ್ಧ ಗಂಟೆ ಹಂಗೇ ಬಿಟ್ರೆ ಸುಟ್ಟು ಕರಕಲು. ಎದ್ದೆ, ಓಡ್ದೆ, ಗೆಳೆಯನ ಸ್ಟಾರ್ಟರ್ ಡಬ್ಬಿ ತೆಗೆದು ಕೆಂಪು ಗುಂಡಿ ಒತ್ತಿ, ಆಟೋ ಸ್ವಿಚ್ಚೂ ಕೆಳಗೆ ಮಾಡ್ದೆ.

ಶಬ್ದ ನಿಲ್ಲಲಿಲ್ಲ.

ಓಹೋ, ಇವನದ್ದಲ್ಲ, ಪಕ್ಕದೋನದು ಅಂದ್ಕೊಂಡು ಬದು ಹಾರಿದೆ. ಅವನದೂ ಬಂದ್ ಮಾಡ್ದೆ. ಕುಂಯ್. ಅದರಾಚೆಯೋನದು. ಕುಂಯ್. ಬಿಸಿಲು ನೆತ್ತಿ ಮೇಲೆ, ಪಂಚೆ ಮೊಣಕಾಲಿಗೆ, ಒಂದೊಂದೇ ಡಬ್ಬಿ ತೆಗೀತಾ ಹೋಗ್ತಿದ್ದೆ. ಕೊನೇದ್ರ ಹತ್ರ ನಿಂತಾಗ ಡಬ್ಬಿಯೊಳಗಿನ ಮೂರೂ ಕೆಂಪು ದೀಪ ತಟ್ಟಂತ ಆರಿದ್ವು. ಲೈನಲ್ಲೇ ಕರೆಂಟ್ ಹೋಯ್ತು. ಕಾಲುವೆ ಉದ್ದಕ್ಕೂ ಒಂದು ಮೋಟಾರೂ ಇಲ್ಲ. ಗಾಳಿನೂ ಇಲ್ಲ.

ಕುಂಯ್.

ನಾನು ಆ ಬದು ಮೇಲೆ ಕೂತುಬಿಟ್ಟೆ. ಎರಡೂ ಕಿವಿಗೆ ಬೆರಳು ಹಾಕಿ ಒತ್ತಿ ಹಿಡಿದೆ. ಕಮ್ಮಿ ಆಗ್ಲಿಲ್ಲ ರೀ, ಜಾಸ್ತಿ ಆಯ್ತು. ಓಡ್ತಿರೋ ಮೋಟಾರು ನನ್ನ ತಲೆಯೊಳಗೇ ಇತ್ತು. ಅದಕ್ಕೆ ಕೆಂಪು ಗುಂಡಿ ಎಲ್ಲಿ?

ಮನೆಗೆ ಹೆಂಗೆ ಬಂದ್ನೋ ಗೊತ್ತಿಲ್ಲ. ನನ್ನ ಹೆಂಡತಿ ಸೊರಬದ ಕಡೆಯೋಳು. "ಇಲ್ಲಿ ಬಂದು ನನ್ನ ಕಿವಿ ಹತ್ರ ಕಿವಿ ಇಟ್ಟು ನೋಡೇ, ಏನಾದ್ರೂ ಕೇಳುತ್ತಾ?" ಅಂದೆ.

"ನನ್ಗೆ ಮಾಡೋಕೆ ಬೇರೆ ಕೆಲ್ಸ ಇದೆ ಮಾರಾಯ್ರೇ. ಹೋದ ತಿಂಗಳು ಹಿಂಗೇ ಕರ್ದು ಕಿವೀಲಿ ಕೂ ಅಂತ ಕೂಗಿದ್ರಲ್ಲ, ಮರ್ತಿಲ್ಲ."

"ಇಲ್ವೇ, ನಿಜವಾಗ್ಲೂ."

ಅವಳು ನನ್ನ ಮುಖ ನೋಡಿದ್ಲು. ಆಮೇಲೆ ಸೌಟು ಕೆಳಗಿಟ್ಟು ಹತ್ರ ಬಂದು ಕಿವಿ ಇಟ್ಲು. ಬಹಳ ಹೊತ್ತು ಇಟ್ಲು. "ಏನೂ ಇಲ್ವಲ್ರೀ" ಅಂದ್ಲು. ದನಿ ಮೆತ್ತಗಾಗಿತ್ತು. ನನಗೆ ಇನ್ನೂ ಹೆದರಿಕೆ ಆಯ್ತು.

ಈ ಗಾಬರೀಲಿ ಒಂದು ಮರ್ತೆ. ಪಕ್ಕದೋರು ತಮ್ಮ ಮೋಟಾರ್ ನಿಂತಿದ್ದು ನೋಡಿ ಬೈಕೊಂಡು ಶುರು ಮಾಡ್ಕೊಂಡ್ರು. ಗೆಳೆಯ ಊರಲ್ಲಿ ಇರ್ಲಿಲ್ಲ. ಅವನ ಆಟೋ ಸ್ವಿಚ್ಚು ಕೆಳಗೇ ಇತ್ತು. ಉಳಿದ ಮೂರು ದಿನ ಕರೆಂಟು ಬಂತು, ಹೋಯ್ತು, ಬಂತು. ಅವನ ಮಡಿಗೆ ಒಂದು ಹನಿ ಬೀಳ್ಲಿಲ್ಲ.

ಅವನು ಬಂದ ದಿನ ಶೆಡ್ಡಿನ ಹಿಂದೆ ಕೂಗು ಕೇಳಿ ಹೋದೆ. ಮಡಿ ಬಿರುಕು ಬಿಟ್ಟಿತ್ತು. ಸಸಿ ಕೆಂಪಾಗಿ ಮಲಗಿದ್ವು. ನಾನೇ ಹೇಳ್ದೆ, "ನಾನೇ ಕಣೋ ಆಫ್ ಮಾಡಿದ್ದು."

ಅವನು ನಕ್ಕ. ನಗ್ತಾ ನಿಂತ, ನಾನು ತಮಾಷೆಯ ಮುಂದಿಂದು ಹೇಳ್ತೀನಿ ಅಂತ ಕಾಯ್ತಾ. ನಾನು ಕಿವಿ ಕಥೆ ಹೇಳ್ದೆ. ಅವನ ನಗು ಹಂಗೇ ಇಳೀತು.

"ನಿನ್ ಕಿವಿಯಾಗೆ ಶಬ್ದ ಬಂದ್ರೆ ನನ್ ಸಸಿ ಯಾಕಲೇ ಒಣಗ್ಬೇಕು? ಅರವತ್ತು ವರ್ಷ ನಿನ್ ಕಿತಾಪತಿ ತಡ್ಕಂಡೀನಿ. ಸಸಿ ತಂಟೆಗೆ ಬಂದೆ ನೋಡು, ಅದು ತಮಾಷೆ ಅಲ್ಲ."

"ದೇವ್ರಾಣೆ ನಿಜ ಕಣೋ."

"ನೀನು ದೇವ್ರಾಣೆ ಇಟ್ಟು ತ್ರೀ ಫೇಸ್ ಬಂತು ಅಂದಿದ್ದು ಎಷ್ಟು ಸಲ, ನೀನೇ ಹೇಳು."

ಅವನು ಬೆನ್ನು ತಿರುಗಿಸಿ ಹೋದ. ಕೆಳಗಿನ ಗದ್ದೆಯೋರ ಹತ್ರ ಮಿಕ್ಕ ಸಸಿ ಬೇಡಿ ತಂದು ನೆಟ್ಟ. ನನ್ನ ಶೆಡ್ಡಿನ ಮುಂದೆ ಹಾಯೋದು ಬಿಟ್ಟು ಕಾಲುವೆ ಏರಿ ಮೇಲೆ ಸುತ್ತಿ ಹೋಗೋಕೆ ಶುರು ಮಾಡ್ದ. ಜೀವನದಲ್ಲಿ ಮೊದಲ್ನೇ ಸಲ ನಿಜ ಹೇಳಿದ್ದೆ, ಅದನ್ನೇ ಅವನು ನಂಬಲಿಲ್ಲ. ಕಿವಿಯೊಳಗಿನ ಕುಂಯ್‌ಗಿಂತ ಅದೇ ಜಾಸ್ತಿ ಕೊರೀತಿತ್ತು.

ಇದನ್ನ ಹೆಂಗಾದ್ರೂ ನಿಲ್ಲಿಸ್ಬೇಕು ಅಂತ ಹೊರಟೆ. ಹೆಂಡತಿ ಬೆಳ್ಳುಳ್ಳಿ ಜಜ್ಜಿ ಕೊಬ್ರಿ ಎಣ್ಣೇಲಿ ಕಾಯಿಸಿ ಕಿವಿಗೆ ಬಿಟ್ಲು. ಕಿವಿಯಿಂದ ಸಾರಿನ ವಾಸನೆ ಬಂತು, ಶಬ್ದ ಹಂಗೇ ಇತ್ತು. ಆನವಟ್ಟಿ ಸಂತೇಲಿ ಕಿವಿ ತೆಗೆಯೋನೊಬ್ಬ ಕೂತಿದ್ದ. ಉದ್ದ ಕಡ್ಡಿ ಹಾಕಿ ತಿರುಗಿಸಿ, "ನೋಡಿ ಯಜಮಾನ್ರೇ, ಇದೇ ಕೂಗ್ತಿದ್ದಿದ್ದು" ಅಂತ ತೊಗರಿಬೇಳೆ ಅಷ್ಟು ದೊಡ್ಡ ಕಲ್ಲು ಅಂಗೈ ಮೇಲೆ ತೋರಿಸ್ದ. ನಾನು ಅವನ ಕೈ ಹಿಡ್ಕೊಂಡೆ. ಉಂಗುರದ ಬೆರಳು, ಕಿರುಬೆರಳ ಸಂದೀಲಿ ಇನ್ನೂ ಎರಡು ಕಲ್ಲು ರೆಡಿ ಇತ್ತು. ಮದುವೆ ಮನೇಲಿ ಮಕ್ಕಳ ಮೂಗಿಂದ ಕಡ್ಲೆಬೀಜ ತೆಗೆಯೋ ಆಟ ಆಡ್ದೋನು ನಾನು, ನನ್ನ ಹತ್ರಾನಾ? ಅವನು ಹಲ್ಲು ಕಿರಿದ. ನನಗೆ ಮಾತ್ರ ನಗು ಬರ್ಲಿಲ್ಲ. ಕೈ ಹಿಡಿಯೋಕೆ ಮುಂಚೆ ಒಂದು ಕ್ಷಣ ಆ ಕಲ್ಲು ನಿಜ ಇರ್ಲಿ ಅಂತ ಆಸೆ ಪಟ್ಟಿದ್ದೆ. ನನ್ನಂಥೋನು! ಅದು ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ.

ಶಿಕಾರಿಪುರದ ಡಾಕ್ಟ್ರು ಲೈಟ್ ಬಿಟ್ಟು ನೋಡಿ, ಮೊದಲು ಎಣ್ಣೆಗೆ ಬೈದ್ರು. ಆಮೇಲೆ "ಒಳಗೆ ಗುಗ್ಗೆ ಇಲ್ಲ, ಸೋರ್ತಾ ಇಲ್ಲ, ಶಿವಮೊಗ್ಗಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿ" ಅಂತ ಚೀಟಿ ಕೊಟ್ರು.

ಅಲ್ಲಿ ಒಂದು ಗಾಜಿನ ಕೋಣೆ. ಒಬ್ಬ ಹುಡುಗಿ, ನನ್ನ ಮೊಮ್ಮಗಳ ವಯಸ್ಸು, ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಕೈಗೆ ಒಂದು ಗುಂಡಿ ಕೊಟ್ಲು. "ಅಜ್ಜಾರೇ, ಎಷ್ಟು ಸಣ್ಣ ಶಬ್ದ ಕೇಳಿದ್ರೂ ಒತ್ತಿ." ಬಾಗಿಲು ಹಾಕ್ಕೊಂಡು ಗಾಜಿನಾಚೆ ಕೂತ್ಲು. ಮೊದಲು ಒಂದೆರಡು ದಪ್ಪ ಶಬ್ದ ಕೇಳಿದ್ವು, ಆಮೇಲೆ ಏನೂ ಇಲ್ಲ. ನನ್ನ ಮೋಟಾರ್ ಒಂದು ಬಿಟ್ಟು. ನಲವತ್ತು ವರ್ಷ ಕಿವಿ ಮೇಲೆ ಬದುಕಿದೋನು, ಈ ಹುಡುಗಿ ಮುಂದೆ ಫೇಲ್ ಆಗೋದಾ? ನೋಡ್ದೆ, ಅವಳು ಶಬ್ದ ಬಿಡೋವಾಗೆಲ್ಲ ತೋರುಬೆರಳು ಸ್ವಲ್ಪ ಅಲ್ಲಾಡುತ್ತೆ. ಬೆರಳು ಅಲ್ಲಾಡ್ತು, ಒತ್ತಿದೆ. ಅಲ್ಲಾಡ್ತು, ಒತ್ತಿದೆ. ಒಂದೂ ತಪ್ಪಿಸ್ಲಿಲ್ಲ. ಒಳಗೊಳಗೇ ನಗ್ತಾ ಇದ್ದೆ.

ಅವಳು ಎದ್ದು ಬಂದು ಬಾಗ್ಲು ತೆಗೆದ್ಲು. "ಅಜ್ಜಾರೇ, ಕಳೆದ ಹತ್ತು ಸಲ ನಾನು ಬರೀ ಬೆರಳು ಆಡಿಸಿದ್ದು. ಶಬ್ದ ಬಿಟ್ಟೇ ಇಲ್ಲ."

ನನ್ನನ್ನ ಹಿಂಗೆ ಯಾರೂ ಮಂಗ ಮಾಡಿರ್ಲಿಲ್ಲ. ಕುರ್ಚಿ ಗೋಡೆ ಕಡೆ ತಿರುಗಿಸಿ ಮತ್ತೆ ಮೊದಲಿಂದ ಶುರು ಮಾಡಿದ್ಲು. ಈ ಸಲ ಕಣ್ಣು ಮುಚ್ಚಿ ಕೂತೆ. ಮೊದಲಿನ ಒಂದೆರಡು ಬಿಟ್ರೆ ಬಹಳ ಹೊತ್ತು ಗುಂಡಿ ಒತ್ತೋಕೆ ಕೆಲಸಾನೇ ಬರ್ಲಿಲ್ಲ.

ಆಮೇಲೆ ಅವಳು ಕಾಗದದ ಮೇಲೆ ಗೆರೆ ತೋರಿಸಿದ್ಲು. ಶುರೂಲಿ ನೆಟ್ಟಗಿದ್ದ ಗೆರೆ, ಕೊನೇಲಿ ಬಾವಿಗೆ ಬಿದ್ದಂಗೆ ಕೆಳಗೆ ಇಳಿದಿತ್ತು. "ಸಣ್ಣ ಚೂಪು ಶಬ್ದ ನಿಮಗೆ ಕೇಳ್ತಿಲ್ಲ. ಹಕ್ಕಿ ಚಿಲಿಪಿಲಿ, ಮೋಟಾರ್ ಬೇರಿಂಗ್ ಕಿರ್ ಅನ್ನೋದು, ಅಂಥವು. ಇದು ನಿನ್ನೆ ಮೊನ್ನೇದಲ್ಲ, ಎಷ್ಟೋ ವರ್ಷ ಆಗಿರ್ಬೇಕು."

ಎಷ್ಟೋ ವರ್ಷ! ಹಂಗಾದ್ರೆ ಇಷ್ಟು ವರ್ಷ ಬೇರಿಂಗ್ ಹೋಗಿದೆ ಅಂತ ನನಗೆ ಹೇಳ್ತಿದ್ದೋರು ಯಾರು? ಬಸ್ಸಲ್ಲಿ ಬರೋವಾಗ ಪೂರ್ತಿ ಅದೇ ಯೋಚ್ನೆ. ಕೊನೆಗೆ ನನ್ನ ಬಲಗೈ ನೋಡ್ಕೊಂಡೆ. ಸ್ಕ್ರೂಡ್ರೈವರ್ ಹಿಡಿಯೋ ಕೈ. ಬೇರಿಂಗಿನ ಅದುರಾಟ ಹಿಡೀತಿದ್ದದ್ದು ಅದು. ಹೆಸರು ಮಾತ್ರ ಕಿವಿ ತಗೊಂಡಿತ್ತು.

ಶಿವಮೊಗ್ಗದ ಡಾಕ್ಟ್ರು ಹೊರಡೋಕೆ ಮುಂಚೆ ಹೇಳಿದ್ದು ಇನ್ನೊಂದು ಏಟು. "ಇದನ್ನ ನಿಲ್ಲಿಸೋ ಮಾತ್ರೆ ಇಲ್ಲ."

"ಇಂಜೆಕ್ಷನ್?"

"ಇಲ್ಲ. ಕೇಳೋದು ಕಮ್ಮಿ ಆದಾಗ ಮಿದುಳು ತಾನೇ ಶಬ್ದ ಮಾಡ್ಕೊಳ್ಳುತ್ತೆ. ಕಿವಿಗೆ ಕೇಳಿಸೋ ಯಂತ್ರ ಹಾಕ್ಕೊಳ್ಳಿ, ಹೊರಗಿನ ಶಬ್ದ ಒಳಗೆ ಹೋದ್ರೆ ಇದು ಹಿಂದಕ್ಕೆ ಸರಿಯುತ್ತೆ. ಪೂರ್ತಿ ಮೌನದಲ್ಲಿ ಕೂರ್ಬೇಡಿ, ಸಣ್ಣಗೆ ರೇಡಿಯೋನೋ ಫ್ಯಾನೋ ಇರ್ಲಿ. ಮೋಟಾರ್ ಹತ್ರ ಹೋದ್ರೆ ಯಂತ್ರ ತೆಗ್ದಿಟ್ಟು ಕಿವಿ ಮುಚ್ಕೊಳ್ಳಿ. ದಿನಾ ಅದರ ಜೊತೆ ಜಗಳ ಆಡೋದು ಬಿಡಿ. ಕೆಲವು ತಿಂಗಳು ಬೇಕು."

ಹಾಕ್ಕೊಂಡೆ. ಮೊದಲ ದಿನ ಹೆಂಡತಿ ಒಗ್ಗರಣೆ ಹಾಕಿದ್ದು ಮಳೆ ಬಂದಂಗೆ ಕೇಳಿ ಹೊರಗೆ ಓಡಿ ನೋಡ್ದೆ. ಚಪ್ಪಲಿ ಶಬ್ದ, ಪ್ಲಾಸ್ಟಿಕ್ ಚೀಲದ ಶಬ್ದ, ಎಲ್ಲ ಮೈ ಮೇಲೆ ಬಂದ್ವು. ಒಂದು ವಾರ ಕಿತ್ತು ಡಬ್ಬಿಗೆ ಹಾಕಿಟ್ಟೆ. "ಅದಕ್ಕೂ ಆಟೋ ಇಲ್ಲ ಮಾರಾಯ್ರೇ, ಕೈಯಾರೆ ಹಾಕ್ಕೋಬೇಕು" ಅಂತ ಹೆಂಡತಿ ಮತ್ತೆ ಹಾಕಿಸಿದ್ಲು. ನಿಧಾನಕ್ಕೆ ಒಂದು ದಿನ ಮಧ್ಯಾಹ್ನ ಶೆಡ್ಡಲ್ಲಿ ರೇಡಿಯೋ ಹಚ್ಕೊಂಡು ಕೆಲಸ ಮಾಡ್ತಾ ಗಮನಕ್ಕೆ ಬಂತು, ಬೆಳಿಗ್ಗೆಯಿಂದ ಕುಂಯ್ ನೆನಪೇ ಆಗಿಲ್ಲ. ನೆನಪಾದ ತಕ್ಷಣ ಬಂತು ಬಿಡಿ, ಆದ್ರೂ.

ಆಗ ಒಂದು ದಿನ ಗೆಳೆಯ ಶೆಡ್ಡಿನ ಬಾಗಿಲಿಗೆ ಬಂದ. ನನ್ನ ಮುಖ ನೋಡದೆ, "ಮೋಟಾರ್ ಸದ್ದು ಯಾಕೋ ಬ್ಯಾರೆ ಆಗೇತಿ. ಬಂದು ನೋಡು" ಅಂದ. ಸ್ಕ್ರೂಡ್ರೈವರ್ ತಗೊಂಡು ಹಿಂದೆ ಹೋದೆ. ಕರೆಂಟ್ ಇರ್ಲಿಲ್ಲ, ಇಬ್ಬರೂ ಕಾಯ್ತಾ ನಿಂತ್ವಿ. ಹಳೇ ಅಭ್ಯಾಸ, ಸ್ಕ್ರೂಡ್ರೈವರ್ ಹಿಡಿ ಕಿವಿ ಹತ್ರ ಒಯ್ದೆ. ಅಂಗೈ ಯಂತ್ರಕ್ಕೆ ಅಡ್ಡ ಬಂದಿದ್ದೇ ತಡ, ಅದು ಕುಂಯ್ ಅಂತ ಕೂಗಿತು.

ಗೆಳೆಯ ಬೆಚ್ಚಿ ಹಿಂದೆ ಸರಿದ. ಸ್ಟಾರ್ಟರ್ ಡಬ್ಬಿ ನೋಡ್ದ, ಮೋಟಾರ್ ನೋಡ್ದ, ಲೈನ್ ಕಡೆ ನೋಡ್ದ. "ಎಲ್ಲೈತಲೇ ಅದು?"

"ನನ್ ಕಿವೀಲಿ. ಇದು ಯಂತ್ರದ್ದು. ಆದ್ರೆ ನನ್ನದೂ ಹೆಚ್ಚುಕಮ್ಮಿ ಹಿಂಗೇ."

ಅಂಗೈ ತೆಗೆದೆ, ನಿಂತೋಯ್ತು. ಮತ್ತೆ ಅಡ್ಡ ಹಿಡ್ದೆ, ಕೂಗಿತು.

"ಇದಾ? ಇದು ಇಡೀ ದಿನಾನಾ?"

"ಇಡೀ ದಿನ. ಅವತ್ತು ಬದು ಮೇಲೆ ಕೂತಾಗಿಂದ."

ಅವನು ಹಂಗೇ ಬದು ಮೇಲೆ ಕೂತ. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸ್ಕೊಂಡು, "ಕೈ ತೆಗಿಯಲೇ, ಸಾಕು" ಅಂದ.

ಅಷ್ಟರಲ್ಲಿ ಕರೆಂಟ್ ಬಂತು. ಮೋಟಾರ್ ಶುರುವಾಯ್ತು. ಯಂತ್ರ ತೆಗ್ದು ಜೇಬಿಗೆ ಹಾಕ್ಕೊಂಡೆ. ಸ್ಕ್ರೂಡ್ರೈವರ್ ಬಿಟ್ಟು ಬರೀ ಅಂಗೈ ಇಟ್ಟೆ, ಕಣ್ಣು ಮುಚ್ಚಿ. ಒಂದು ಚೂರು ದೋಷ ಇರ್ಲಿಲ್ಲ. ಕಲ್ಲಿನಂಗೆ ಗಟ್ಟಿ ಇತ್ತು ಮೋಟಾರು. ಅವನು ನನ್ನ ಶೆಡ್ಡಿಗೆ ಬಂದು ಚಾ ಕುಡ್ದು ಹೋದ.

ಸುಳ್ಳು ಹಿಡಿದ್ರಾ? ಇಲ್ವಾ? ಒಂದು ಚೂರೂ ದೋಷ ಇಲ್ಲದ ಮೋಟಾರಿಗೆ ರಿಪೇರಿಯೋನನ್ನ ಯಾರ್ರೀ ಕರೀತಾರೆ? ಅವನು ನನ್ನ ಬಾಗಿಲಿಗೆ ಬರ್ಲಿಲ್ಲ. ನಾನೇ ಹೋದೆ, ನೆಪಕ್ಕೊಂದು ಸ್ಕ್ರೂಡ್ರೈವರ್ ಹಿಡ್ಕೊಂಡು, "ನಿನ್ ಮೋಟಾರ್ ಸದ್ದು ಯಾಕೋ ಸರಿ ಇಲ್ಲ" ಅಂತ.