ಕಮಲತ್ತೆ ಫ್ಲ್ಯಾಟು ನೋಡಿದ್ದು

"ಹುಚ್ಚಾಸ್ಪತ್ರೇಲಿ ಮನೆ ಮಾಡಿದ್ರೆ ಬಾಡಿಗೆ ಕಾಟ ತಪ್ಪುತ್ತೆ ಕಣ್ರೀ" ಎಂದಳು ನನ್ನ ಹೆಂಡತಿ. ನಾನು ಕಾಫಿ ಲೋಟ ಕೆಳಗಿಟ್ಟೆ.

ತಮಾಷೆಯಲ್ಲ. ಮಾಗಡಿ ರಸ್ತೆಯಾಚೆ ಪಾಳುಬಿದ್ದಿದ್ದ ದೊರೆಗಳ ಕಾಲದ ಕಲ್ಲುಕಟ್ಟಡ ನೋಡಿದ್ದೀರಲ್ಲ? ಊಟ ಮಾಡದ ಮಕ್ಕಳನ್ನು 'ಅಲ್ಲಿ ಬಿಟ್ಟು ಬರ್ತೀನಿ' ಎಂದು ಅಮ್ಮಂದಿರು ಹೆದರಿಸುತ್ತಿದ್ದ ಅದೇ ಜಾಗ. ಈಗ ಯಾರೋ ಕಂಟ್ರ್ಯಾಕ್ಟರು ಸುಣ್ಣ ಹೊಡೆಸಿ, ನಡುವೆ ಗೋಡೆ ಎಬ್ಬಿಸಿ, ಬೊಂಬಾಯಿಯವರ ಹಾಗೆ ಫ್ಲ್ಯಾಟು ಮಾಡಿ ಮಾರುತ್ತಿದ್ದಾನೆ. (ನೆಲ ನಮ್ಮದಲ್ಲ, ಸೂರು ನಮ್ಮದಲ್ಲ, ನಡುವಿನ ಗಾಳಿ ಮಾತ್ರ ನಮ್ಮದು. ತುಳಸಿಕಟ್ಟೆ ಎಲ್ಲಿ ಇಡೋದು?) ಇತ್ತ ಗೋವಿಂದರಾಜನಗರದ ನಮ್ಮ ಓನರು, ಮಗನ ಮದುವೆಯಿದೆ, ಮನೆ ಬಿಡಿ ಎಂದು ಕೂತಿದ್ದಾರೆ.

"ನಿಮಗೆ ಇಂಟರ್‌ವ್ಯೂ ಇಲ್ದೇನೇ ಸೀಟು ಕೊಡ್ತಾರೆ ಬಿಡಿ ಭಾವ" ಎಂದ ಹೆಂಡತಿಯ ತಮ್ಮ. ಎಲ್ಲರೂ ನಕ್ಕೆವು. ಲೋಟ ಎತ್ತಿಕೊಳ್ಳಲು ಕಮಲತ್ತೆ ಬಂದರು. ನಗು ನಿಂತಿತು.

ಕಮಲತ್ತೆ ನಮ್ಮಪ್ಪನ ತಂಗಿ. ಗಂಡ ಹೋದ ಮೇಲೆ ಮಾತೇ ಬಿಟ್ಟಿದ್ದ ಅವರನ್ನು ಅಪ್ಪ ಸೇರಿಸಿದ್ದು ಅಲ್ಲಿಗೇ. ವಾಸಿಯಾಗಿ ಬಂದು ನನ್ನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಅವರನ್ನು ಬಿಟ್ಟು ಮನೆ ಮಾಡುವುದುಂಟೇ? ಹಾಗಂತ ಅಲ್ಲಿಗೇ ಕರೆದುಕೊಂಡು ಹೋಗುವುದುಂಟೇ?

ನಮ್ಮ ಮನೆತನದಲ್ಲೊಂದು ರೂಢಿ. ನೋವಿನ ವಿಷಯ ಬಾಯಿಬಿಟ್ಟು ಆಡುವುದಿಲ್ಲ, ಅದೇ ಮರ್ಯಾದೆ. ಹಾಗಾಗಿ 'ಹೊಸ ಮನೆ ನೋಡೋಣ ಬನ್ನಿ' ಎಂದಷ್ಟೇ ಹೇಳಿ, ಅತ್ತೆಗೆ ಗುರುತು ಸಿಗದಿರಲೆಂದು ಆಟೋವನ್ನು ವಿಜಯನಗರ, ಚಂದ್ರಾ ಲೇಔಟ್ ಎಲ್ಲ ಸುತ್ತಿಸಿ, ಹಿಂದಿನ ಗೇಟಿಗೆ ತಂದು ನಿಲ್ಲಿಸಿದೆವು.

ಅತ್ತೆ ಇಳಿದರು. ಸೆರಗು ಸರಿಮಾಡಿಕೊಂಡರು.

"ಹುಣಸೆಮರ ಕಡಿದ್ಬಿಟ್ರಾ?"

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

ಕಂಟ್ರ್ಯಾಕ್ಟರ ಕಡೆಯವನು ಮುಂಭಾಗದ ಫ್ಲ್ಯಾಟು ತೋರಿಸಲು ಹೊರಟ. ಅತ್ತೆ ಅವನನ್ನು ದಾಟಿ ಪಡಸಾಲೆಯ ಕೊನೆಯ ಕೋಣೆಗೆ ನಡೆದೇಬಿಟ್ಟರು. "ಮೊದಲೇ ಬಂದು ನೋಡಿದ್ರಾ ಅಮ್ಮ?" ಎಂದ ಅವನು.

"ನೋಡಿರ್ಲಿಲ್ಲಪ್ಪ, ಇದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಇದು ತಗೊಳ್ಳೋ. ಬೆಳಗಿನ ಬಿಸಿಲು ಬೀಳುತ್ತೆ. ಇಲ್ಲಿ ನಂಗೆ ಚೆನ್ನಾಗಿ ನಿದ್ದೆ ಬರ್ತಿತ್ತು."

"ಅತ್ತೆ, ನಿಮಗೆ ಬೇಜಾರಾಗೋ ಹಾಗಿದ್ರೆ ಬೇಡ."

"ಬೇಜಾರು ಭಾನುವಾರ ಮಾತ್ರ ಕಣೋ. ಎಲ್ಲರ ಮನೆಯವರೂ ನೋಡೋಕೆ ಬರೋರು."

ನಮ್ಮ ಮನೆಯಿಂದ ಯಾರೂ ಹೋಗುತ್ತಿರಲಿಲ್ಲ. ಅಮ್ಮ ಒಮ್ಮೆ ಹೇಳಿದ್ದಳು.

ಅತ್ತೆ ಆ ಕೋಣೆಯನ್ನು ಹೊಗಳಿದರೋ, ನಮ್ಮನ್ನು ಚುಚ್ಚಿದರೋ? ಅವರಿಗೆ ಅಲ್ಲಿ ನಿಜವಾಗಿ ನೆಮ್ಮದಿಯಿತ್ತೋ, ಅಥವಾ ನಮಗೆ ಮನೆ ಸಿಗಲಿ ಎಂದು ಹಾಗೆ ಹೇಳಿದರೋ? ನನಗಂತೂ ಬಗೆಹರಿದಿಲ್ಲ. ಹೆಂಡತಿ ಬೆಳಗ್ಗೆ ಬೇಡವೇ ಬೇಡ ಅನ್ನುತ್ತಾಳೆ, ಸಂಜೆ ಕಿಟಕಿ ಪರದೆಗೆ ಯಾವ ಬಣ್ಣ ಎಂದು ಕೇಳುತ್ತಾಳೆ. ಸೋಮವಾರದೊಳಗೆ ಕಂಟ್ರ್ಯಾಕ್ಟರಿಗೆ ಉತ್ತರ ಹೇಳಬೇಕು.

ಅವತ್ತು ವಾಪಸು ಬರುವಾಗ ಆಟೋದಲ್ಲಿ (ನೇರ ದಾರಿಯಲ್ಲೇ, ಇನ್ನು ಸುತ್ತಿ ಏನು ಪ್ರಯೋಜನ?) ಅತ್ತೆ ಕೇಳಿದ್ದು ಒಂದೇ ಮಾತು.

"ಈ ಸಲ ನೀವೂ ಜೊತೇಲಿರ್ತೀರಿ ತಾನೆ?"